ಗೋಡೆಯಿಂದ ಏಳೇ ಅಡಿಗೆ ಬೇವಿನ ಮರ: ಕಡಿಯೋದಾ, ಬಿಡೋದಾ?

ಪ್ರಶ್ನೆ: ಸರ್, ಹುಬ್ಬಳ್ಳಿಯಲ್ಲಿ ನಮ್ಮ ಮನೆ. 1991ರಲ್ಲಿ ಅಪ್ಪ ಕಟ್ಟಿಸಿದ್ದು. ಗೃಹಪ್ರವೇಶದ ವರ್ಷವೇ ಅವ್ವ ಒಂದು ಬೇವಿನ ಸಸಿ ನೆಟ್ಟಿದ್ದಳು. ಈಗ ಅದು ನಮ್ಮ ಎರಡು ಅಂತಸ್ತಿನ ಮನೆಗಿಂತ ಎತ್ತರ. ಕಾಂಡದ ಸುತ್ತಳತೆ ಆರು ಅಡಿ. ಮಲಗುವ ಕೋಣೆಯ ಗೋಡೆಗೂ ಅದಕ್ಕೂ ಬರೀ ಏಳು ಅಡಿ. ಮೂರು ವರ್ಷದಿಂದ ಆ ಕೋಣೆಯ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿದೆ. ಬೇಸಿಗೆಯಲ್ಲಿ ಜಾಸ್ತಿ ಕಾಣುತ್ತೆ, ಮಳೆಗಾಲದಲ್ಲಿ ಸಣ್ಣದಾಗುತ್ತೆ. ಬಚ್ಚಲ ಪೈಪೂ ಆಗಾಗ ಕಟ್ಟಿಕೊಳ್ಳುತ್ತೆ. ಬೇರು ಪಾಯ ಒಡೆದಿದೆ, ಮರ ತೆಗೆಸಿಬಿಡಿ ಅಂತ ಗೌಂಡಿ ಹೇಳುತ್ತಾನೆ. ಕಾಂಟ್ರಾಕ್ಟರ್ ಒಬ್ಬರು ಗೋಡೆ ಪಕ್ಕ ಅಗೆದು, ಬೇರು ಕಡಿದು, ಕಾಂಕ್ರೀಟ್ ತಡೆ ಹಾಕೋಣ ಅಂತಾರೆ. ಅವ್ವ ಮರ ಮುಟ್ಟಲು ಬಿಡಲ್ಲ. ಜೋರು ಗಾಳಿ ಬಂದರೆ ನನ್ನ ಹೆಂಡತಿಗೆ ನಿದ್ದೆ ಬರಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಬಿರುಕು ಬೇಸಿಗೆಯಲ್ಲಿ ಅಗಲ, ಮಳೆಗಾಲದಲ್ಲಿ ಸಣ್ಣ ಅಂದಿರಿ. ಬೇರು ಪಾಯವನ್ನು ತಳ್ಳಿ ಒಡೆದಿದ್ದರೆ ಹೀಗೆ ಆಗೋದಿಲ್ಲ. ಮಳೆ ಬಂತು ಅಂತ ಬೇರು ಹಿಂದೆ ಸರಿಯುತ್ತಾ? ಒಮ್ಮೆ ತಳ್ಳಿದ್ದು ತಳ್ಳಿದ್ದೇ. ವರ್ಷಕ್ಕೊಮ್ಮೆ ತೆರೆದು ಮುಚ್ಚುವ ಬಿರುಕು ಬೇರೆಯೇ ಕಥೆ ಹೇಳುತ್ತದೆ. ಅದು ನಿಮ್ಮ ಮನೆ ಕೆಳಗಿನ ಮಣ್ಣಿನ ಕಥೆ.

ಎರೆಮಣ್ಣಿನ ಗುಣ ಹುಬ್ಬಳ್ಳಿಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಏಪ್ರಿಲ್ ತಿಂಗಳಲ್ಲಿ ಹೊಲಕ್ಕೆ ಹೋದರೆ ಮುಂಗೈ ಇಳಿಯುವಷ್ಟು ಬಾಯಿ ಬಿಟ್ಟಿರುತ್ತದೆ. ಜುಲೈನಲ್ಲಿ ಅದೇ ಜಾಗದಲ್ಲಿ ಬಿರುಕಿನ ಗುರುತೂ ಇರುವುದಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮನೆ ಕಟ್ಟಿದ ಮಾತ್ರಕ್ಕೆ ಮಣ್ಣು ಈ ಬುದ್ಧಿ ಬಿಡೋದಿಲ್ಲ.

ಈಗ ಅಲ್ಲಿಗೆ ಒಂದು ದೊಡ್ಡ ಬೇವಿನ ಮರ ಸೇರಿಸಿ. ಬೇಸಿಗೆಯಲ್ಲಿ ಅಂಗಳದ ಮಣ್ಣು ಮೇಲಿನಿಂದ ಒಣಗುತ್ತದೆ. ಬೇರು ಇರುವ ಕಡೆ ಆಳದಲ್ಲೂ ಒಣಗುತ್ತದೆ. ನಿಮ್ಮ ಮಲಗುವ ಕೋಣೆಯ ಮೂಲೆಯ ಕೆಳಗೆ ಮಣ್ಣು ಒಂದಿಷ್ಟು ಮಿಲಿಮೀಟರ್ ಜಾಸ್ತಿ ಕುಗ್ಗುತ್ತದೆ, ಉಳಿದ ಮನೆ ಇದ್ದಲ್ಲೇ ಇರುತ್ತದೆ. ಆ ಮೂಲೆ ಸ್ವಲ್ಪ ಕೂರುತ್ತದೆ. ಗೋಡೆಯಲ್ಲಿ ಎಲ್ಲಕ್ಕಿಂತ ಬಲ ಕಡಿಮೆ ಇರುವ ಜಾಗ ಯಾವುದು? ಕಿಟಕಿಯ ಮೂಲೆ. ಬಿರುಕು ಅಲ್ಲಿಂದ ಓರೆಯಾಗಿ ಹೊರಡುತ್ತದೆ. ನಿಮ್ಮ ಮರ ಗೋಡೆಯನ್ನು ತಳ್ಳುತ್ತಿಲ್ಲ. ಗೋಡೆ ಕೆಳಗಿನ ನೀರು ಕುಡಿಯುತ್ತಿದೆ. ಈ ಎರಡಕ್ಕೂ ಮದ್ದು ಬೇರೆ ಬೇರೆ.

ಆಗಿನ ಕಾಲದ ಮನೆಗಳಲ್ಲಿ ಕಲ್ಲಿನ ಪಾಯ ಸಾಮಾನ್ಯವಾಗಿ ಮೂರು ನಾಲ್ಕು ಅಡಿ ಆಳ ಇರುತ್ತಿತ್ತು. ಈ ಮಣ್ಣಿಗೆ ಅದು ಸಾಲದು. ಆಳವಾದ ಎರೆಮಣ್ಣಿನಲ್ಲಿ ಬುಡ ಉಬ್ಬಿದ ಪೈಲ್, ಅಂದರೆ ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬ, ಹಾಕುವುದಾದರೆ ಕನಿಷ್ಠ 3.5 ಮೀಟರ್ ಇಳಿಸಬೇಕು ಅಂತ ನಮ್ಮ ದೇಶದ ಕಟ್ಟಡ ಮಾನದಂಡ, ಐಎಸ್ ಕೋಡ್, ಹೇಳುತ್ತದೆ. ಅಂದರೆ ಸುಮಾರು ಹನ್ನೊಂದೂವರೆ ಅಡಿ. ಉಬ್ಬು ತಗ್ಗಿನ ಆಟ ಅಷ್ಟು ಕೆಳಗೂ ನಡೆಯುತ್ತದೆ ಅಂತ ಲೆಕ್ಕ ಹಾಕಿಯೇ ಹಾಗೆ ಬರೆದಿರುವುದು. ಇದು ನಮ್ಮೊಬ್ಬರ ತಾಪತ್ರಯ ಅಲ್ಲ. ಲಂಡನ್ ಸುತ್ತಲಿನ ಜೇಡಿಮಣ್ಣೂ ಇದೇ ಜಾತಿಯದು. 1976ರ ಬರಗಾಲದಲ್ಲಿ ಅಲ್ಲಿ ಮರಗಳ ಪಕ್ಕದ ಮನೆಗಳು ಸಾಲುಸಾಲಾಗಿ ಬಿರುಕು ಬಿಟ್ಟವು, ವಿಮೆ ಕಂಪನಿಗಳಿಗೆ ಅರ್ಜಿಗಳ ರಾಶಿ ಬಿತ್ತು.

ಮರದ ಮೇಲೆ ತಪ್ಪು ಹೊರಿಸುವ ಮುಂಚೆ ಆ ಬಚ್ಚಲ ಪೈಪ್ ನೋಡಿ. ನನಗೆ ಅದರ ಮೇಲೇ ಜಾಸ್ತಿ ಅನುಮಾನ. ಆ ಕಾಲದ ಮನೆಗಳಲ್ಲಿ ಕಂದು ಬಣ್ಣದ ಸ್ಟೋನ್‌ವೇರ್ ಪೈಪ್ ಹಾಕಿ, ಜೋಡಣೆಗೆ ಸಿಮೆಂಟ್ ಮೆತ್ತುತ್ತಿದ್ದರು. ಮಣ್ಣು ಪ್ರತಿ ವರ್ಷ ಅಲುಗಾಡುವಾಗ ಮೊದಲು ಬಿಡುವುದು ಆ ಸಿಮೆಂಟ್. ಅಲ್ಲಿಂದ ನೀರು ಜಿನುಗುತ್ತದೆ. ಆ ತೇವದ ಜಾಡು ಹಿಡಿದು ಬೇರು ಬರುತ್ತದೆ. ಕೂದಲೆಳೆಯಷ್ಟು ಸಂದಿ ಸಾಕು, ಒಳಗೆ ಹೋಗಿ ಕವಲೊಡೆಯುತ್ತದೆ. ಇಂಥ ಪೈಪ್ ಬಿಚ್ಚಿದಾಗ ಒಳಗಿನಿಂದ ಕುದುರೆ ಬಾಲದಂಥ ಬೇರಿನ ಜಡೆ ಹೊರಗೆ ಬರುತ್ತದೆ. ನಾಲ್ಕೈದು ಅಡಿ ಉದ್ದದ್ದು ನಾನೇ ಎಳೆದಿದ್ದೇನೆ. ಅದನ್ನು ನೋಡಿದವರೆಲ್ಲ ಬೇರು ಪೈಪ್ ಒಡೆದಿದೆ ಅಂತಲೇ ಅಂದುಕೊಳ್ಳುತ್ತಾರೆ. ಸೋರಿಕೆ ಮೊದಲು ಆಗಿರುತ್ತದೆ, ಬೇರು ಆಮೇಲೆ ಬಂದಿರುತ್ತದೆ.

ಸೋರುವ ಪೈಪಿನಿಂದ ಇನ್ನೊಂದು ತೊಂದರೆ. ಒಂದು ಮೂಲೆಯಲ್ಲಿ ಮಣ್ಣು ವರ್ಷವಿಡೀ ಒದ್ದೆ, ಪಕ್ಕದಲ್ಲೇ ಮರದ ಕಡೆ ಒಣ. ಒಂದೇ ಗೋಡೆ ಕೆಳಗೆ ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ಮರವನ್ನು ಕಡಿಸಿ ಪೈಪ್ ಹಾಗೇ ಬಿಟ್ಟರೆ ಬಿರುಕು ನಿಲ್ಲುವುದಿಲ್ಲ. ಪರೀಕ್ಷೆ ಸುಲಭ. ಕೆಳಗಿನ ಚೇಂಬರ್ ಹತ್ತಿರ ಪೈಪಿನ ಬಾಯಿಗೆ ಬಟ್ಟೆ ತುರುಕಿ ಭದ್ರ ಮಾಡಿ, ಮೇಲಿನಿಂದ ನೀರು ತುಂಬಿಸಿ, ಮಟ್ಟಕ್ಕೆ ಗುರುತು ಹಾಕಿ. ಒಂದು ತಾಸು ಬಿಟ್ಟು ನೋಡಿ. ನೀರು ಇಳಿದಿದ್ದರೆ ಇಡೀ ಸಾಲು ಪಿವಿಸಿಗೆ ಬದಲಾಯಿಸಿ, ಜೋಡಣೆಗಳಿಗೆ ಸಾಲ್ವೆಂಟ್ ಅಂಟು ಹಾಕಿಸಿ. ಬೇರು ಕತ್ತರಿಸಿ ಹಳೇ ಪೈಪನ್ನೇ ತೇಪೆ ಹಾಕಿಸಬೇಡಿ. ಇನ್ನೆರಡು ವರ್ಷಕ್ಕೆ ಮತ್ತೆ ಅದೇ ಜಡೆ.

ಬಿರುಕನ್ನು ಅಳೆಯಲು ಶುರು ಮಾಡಿ. ಅದು ಇವತ್ತೇ ಆಗಬೇಕಾದ ಕೆಲಸ. ಬಿರುಕಿನ ಎರಡೂ ತುದಿಯಲ್ಲಿ ಪೆನ್ಸಿಲ್‌ನಿಂದ ಅಡ್ಡಗೆರೆ ಎಳೆದು ತಾರೀಖು ಬರೆಯಿರಿ. ಮಧ್ಯದಲ್ಲಿ ಬಿರುಕಿನ ಆಚೆ ಈಚೆ ಎರಡು ಸಣ್ಣ ಮೊಳೆ ಹೊಡೆದು, ಅವುಗಳ ನಡುವಿನ ಅಂತರವನ್ನು ತಿಂಗಳಿಗೊಮ್ಮೆ ಸ್ಕೇಲ್ ಇಟ್ಟು ಬರೆದುಕೊಳ್ಳಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆಯಿರಿ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸುವ ಹಳೇ ಪದ್ಧತಿಯೂ ಇದೆ, ಗೋಡೆ ಅಲುಗಿದರೆ ಗಾಜು ಸೀಳುತ್ತದೆ. ಆದರೆ ಎಷ್ಟು ಅಲುಗಿತು, ಯಾವ ಕಡೆಗೆ ಅಂತ ಗಾಜು ಹೇಳಲ್ಲ. ಮೊಳೆ ಹೇಳುತ್ತದೆ. ಪೂರ್ತಿ ಒಂದು ವರ್ಷ ಅಳೆಯಿರಿ. ಬೇಸಿಗೆಯ ಅಗಲ ಐದು ಮಿಲಿಮೀಟರ್ ಒಳಗಿದ್ದು, ಮಳೆಗಾಲದಲ್ಲಿ ಮತ್ತೆ ಮುಚ್ಚುತ್ತಿದ್ದರೆ ಮನೆ ಬೀಳುತ್ತೆ ಅನ್ನುವ ಭಯ ಬೇಡ. ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗುತ್ತಿದ್ದರೆ, ಅಥವಾ ಹದಿನೈದು ಮಿಲಿಮೀಟರ್ ಕಡೆಗೆ ಹೋಗುತ್ತಿದ್ದರೆ, ಸ್ಟ್ರಕ್ಚರಲ್ ಎಂಜಿನಿಯರ್ ಮನೆಗೆ ಬಂದು ನೋಡಲೇಬೇಕು. ಈ ವರ್ಷ ಬಿರುಕಿಗೆ ಸಿಮೆಂಟ್ ತುಂಬಿಸಬೇಡಿ. ಬೇಸಿಗೆಯಲ್ಲಿ ಬಾಯಿ ತೆರೆದಾಗ ಗಟ್ಟಿ ಸಿಮೆಂಟ್ ತುಂಬಿದರೆ, ಮಳೆಗಾಲದಲ್ಲಿ ಗೋಡೆ ಮುಚ್ಚಿಕೊಳ್ಳಲು ಜಾಗವಿಲ್ಲದೆ ಪಕ್ಕದಲ್ಲಿ ಹೊಸ ಬಿರುಕು ಬಿಡುತ್ತದೆ.

ಇನ್ನು ಗೌಂಡಿ ಹೇಳಿದ ಮಾತು. ಮರ ತೆಗೆಸಿದರೆ ಎಲ್ಲ ಸರಿಹೋಗುತ್ತಾ? ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಸುಮಾರು ಹದಿನೈದು ವರ್ಷದ ಹಿಂದೆ ಧಾರವಾಡದ ಆಚೆ, ಎರೆಮಣ್ಣಿನಲ್ಲೇ, ಒಂದು ಮನೆ ನೋಡಲು ಕರೆದಿದ್ದರು. ಗೋಡೆ ಪಕ್ಕ ದೊಡ್ಡ ಹುಣಸೆ ಮರ, ಗೋಡೆಯಲ್ಲಿ ಬಿರುಕು. ಮರ ಕಡಿಸಿ ಅಂದೆ. ಕಡಿಸಿದರು. ಮೊದಲ ಮಳೆಗಾಲ ಏನೂ ಆಗಲಿಲ್ಲ. ಎರಡನೆಯದರಲ್ಲಿ ಹಿಂದಿನ ಬಾಗಿಲು ಹಾಕಲು ಬರದಂತಾಯಿತು. ನಡುಮನೆಯ ನೆಲದ ಟೈಲ್ಸ್ ಟೋಪಿ ಹಾಗೆ ಮೇಲೆದ್ದವು. ಕಾಲಿಟ್ಟರೆ ಕೆಳಗೆ ಪೊಳ್ಳು ಸದ್ದು. ನಾನು ಕೇಳಲು ಮರೆತ ಪ್ರಶ್ನೆ ಒಂದೇ: ಮರ ಮೊದಲೋ, ಮನೆ ಮೊದಲೋ? ಅಲ್ಲಿ ಮರ ಮೊದಲು. ಹತ್ತಾರು ವರ್ಷ ಅದು ಒಣಗಿಸಿಟ್ಟ, ಕುಗ್ಗಿದ ಮಣ್ಣಿನ ಮೇಲೆ ಮನೆ ಕಟ್ಟಿದ್ದರು. ಮರ ಹೋದ ಮೇಲೆ ಮಣ್ಣಿಗೆ ನೀರು ಸೇರಿ ಮೊದಲಿನ ಗಾತ್ರಕ್ಕೆ ಉಬ್ಬಿತು, ಮನೆಯನ್ನೂ ಜೊತೆಗೆ ಎತ್ತಿತು. ಆ ಮನೆಯ ಯಜಮಾನರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಿಮ್ಮಲ್ಲಿ ಮನೆ ಮೊದಲು, ಸಸಿ ಆಮೇಲೆ. ಮಣ್ಣು ಉಬ್ಬಿದರೂ 1991ರಲ್ಲಿ ಇದ್ದ ಮಟ್ಟಕ್ಕೆ ಬರುತ್ತದೆ, ಅಷ್ಟೇ. ಹಾಗಾಗಿ ಕೊನೆಗೆ ಕಡಿಯಲೇಬೇಕಾಗಿ ಬಂದರೂ ಆ ಹುಣಸೆಯ ಗತಿ ನಿಮಗಿಲ್ಲ. ಇದು ನಿಮಗೆ ನಿರಾಳವಾಗಲಿ ಅಂತ ಹೇಳಿದೆ, ಕೊಡಲಿ ತರಲಿ ಅಂತ ಅಲ್ಲ.

ಕಾಂಟ್ರಾಕ್ಟರ್ ಯೋಜನೆಗೆ ಮಾತ್ರ ನಾನು ಒಪ್ಪುವುದಿಲ್ಲ. ಲೆಕ್ಕ ಹಾಕೋಣ. ಸುತ್ತಳತೆ ಆರು ಅಡಿ ಅಂದರೆ ಕಾಂಡದ ಅಡ್ಡಗಲ ಹತ್ತಿರ ಹತ್ತಿರ ಎರಡು ಅಡಿ. ಮರವನ್ನು ಹಿಡಿದು ನಿಲ್ಲಿಸುವ ದಪ್ಪ ಬೇರುಗಳು ಅದರ ಮೂರರಿಂದ ಐದು ಪಟ್ಟು ದೂರದವರೆಗೆ ಇರುತ್ತವೆ. ನಿಮ್ಮ ಮರಕ್ಕೆ ಆರರಿಂದ ಹತ್ತು ಅಡಿ. ಗೋಡೆಯಿಂದ ಒಂದಡಿ ಬಿಟ್ಟು ಗುಂಡಿ ತೋಡಿದರೆ ಅದು ಮರದಿಂದ ಆರು ಅಡಿಗೆ ಬಂತು. ಗುಡಾರದ ಒಂದು ಬದಿಯ ಹಗ್ಗ ಬಿಚ್ಚಿ ಗಾಳಿಗೆ ಬಿಟ್ಟ ಹಾಗೆ. ಬಿರುಕಿನ ಚಿಂತೆ ಕಳೆಯಲು ಹೋಗಿ ಮರವನ್ನೇ ಮನೆ ಮೇಲೆ ಕರೆದುಕೊಂಡಂತೆ ಆಗುತ್ತದೆ. ರಸ್ತೆ, ಚರಂಡಿ ಕೆಲಸ ಆದ ಮೇಲಿನ ಬೇಸಿಗೆ ಗಾಳಿಗೆ ನಮ್ಮ ಊರುಗಳಲ್ಲಿ ಇಷ್ಟೊಂದು ಮರ ಉರುಳುವುದು ಯಾಕೆ ಅಂದುಕೊಂಡಿರಿ? ಬೇರು ತಡೆ ಹಾಕುವುದು ಒಳ್ಳೆಯದೇ. ಆದರೆ ಸಸಿ ನೆಡುವಾಗ, ದೊಡ್ಡ ಮರಕ್ಕಲ್ಲ.

ಹಾಗಾದರೆ ಏನು ಮಾಡಬೇಕು? ಪೈಪ್ ಆಯಿತು. ಅದಾದ ಮೇಲೆ ಮನೆ ಕೆಳಗಿನ ತೇವ ವರ್ಷವಿಡೀ ಆದಷ್ಟು ಒಂದೇ ಸಮ ಇರುವ ಹಾಗೆ ನೋಡಿಕೊಳ್ಳಬೇಕು. ಗೋಡೆ ಸುತ್ತ ಮೂರು ಅಡಿ ಅಗಲದ, ಹೊರಗೆ ಇಳಿಜಾರಿರುವ ಕಾಂಕ್ರೀಟ್ ಪಟ್ಟಿ ಹಾಕಿಸಿ. ಮೇಲ್ಪದರದ ಒಂದಡಿ ಎರೆಮಣ್ಣು ತೆಗೆದು ಗರಸು ಹಾಕಿ ಧಮ್ಮಸ್ ಮಾಡಿಸಿ, ಅದರ ಮೇಲೆ ಪಟ್ಟಿ. ಮರದ ಬದಿಯಲ್ಲಿ ಅಗೆಯುವಾಗ ಹಾರೆ, ಜೆಸಿಬಿ ಬೇಡ. ಕೈಯಲ್ಲಿ ಅಗೆದು, ಮಣಿಕಟ್ಟಿಗಿಂತ ದಪ್ಪ ಬೇರು ಸಿಕ್ಕರೆ ಅದನ್ನು ಬಿಟ್ಟು ಸುತ್ತ ಗರಸು ತುಂಬಿ. ಮಾಳಿಗೆಯ ನೀರು ಗೋಡೆ ಬುಡಕ್ಕೆ ಬೀಳದಂತೆ ಪೈಪಿನಲ್ಲಿ ಮರದ ಆಚೆ ಬದಿಗೆ ಒಯ್ಯಿರಿ. ಬೇಸಿಗೆಯಲ್ಲಿ ಮರಕ್ಕೆ ನೀರು ಕೊಡುವುದಾದರೂ ಅತ್ತ ಕಡೆಯೇ, ಕಾಂಡದಿಂದ ಹದಿನೈದು ಅಡಿ ಆಚೆ. ಉದುರಿದ ಎಲೆ ಗುಡಿಸಿ ಸುಡುವ ಬದಲು ಅಲ್ಲೇ ಹರಡಿ. ಮರದ ಬಾಯಾರಿಕೆ ಪೂರ್ತಿ ತೀರಲ್ಲ. ಆದರೆ ಮನೆ ಕಡೆ ಬೇರಿನ ಮೇಲಿನ ಒತ್ತಡ ಸ್ವಲ್ಪ ಇಳಿಯುತ್ತದೆ.

ಕೊಂಬೆ ಕಡಿದರೆ ನೀರು ಕುಡಿಯೋದು ಕಮ್ಮಿ ಆಗಲ್ವಾ ಅಂತ ಬಹಳ ಜನ ಕೇಳುತ್ತಾರೆ. ಸ್ವಲ್ಪ ಕಡಿದರೆ ಆಗಲ್ಲ. ಉಳಿದ ಎಲೆ ಆ ಪಾಲನ್ನೂ ಕುಡಿಯುತ್ತದೆ, ವರ್ಷದೊಳಗೆ ಹೊಸ ಚಿಗುರೂ ಬರುತ್ತದೆ. ತಲೆ ಬೋಳಿಸುವ ಹಾಗೆ ಕಡಿದರೆ ಕಮ್ಮಿ ಆಗುತ್ತೆ, ಆದರೆ ಮರ ಹಾಳಾಗುತ್ತದೆ. ಮೇಲಿಂದ ಕಡಿದ ಬುಡ್ಡೆಗಳ ಸುತ್ತ ಎದ್ದು ಬರುವ ಚಿಗುರು ನೋಡಲು ಸೊಂಪು, ಹಿಡಿತ ಮಾತ್ರ ತೊಗಟೆಯ ಮಟ್ಟದ್ದು. ಐದಾರು ವರ್ಷಕ್ಕೆ ತೊಡೆ ಗಾತ್ರ ಆದಾಗ ಒಂದೊಂದೇ ಸೀಳಿ ಬೀಳುತ್ತವೆ. ನಿಮ್ಮ ಮನೆಯವರ ನಿದ್ದೆ ಆಗ ನಿಜವಾಗಿಯೂ ಕೆಡುತ್ತದೆ.

ಕೊಂಬೆ ತೆಗೆಯಬೇಕಾದ್ದು ಗಾಳಿಯ ಸಲುವಾಗಿ, ಮನೆಗೆ ತಾಗುವುದರ ಸಲುವಾಗಿ. ಒಣ ಕೊಂಬೆ, ಒಂದಕ್ಕೊಂದು ಉಜ್ಜುವ ಕೊಂಬೆ, ಮಾಳಿಗೆಯ ಆರು ಅಡಿ ಒಳಗೆ ಬಂದ ಕೊಂಬೆ. ಒಂದು ವರ್ಷದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಹಸಿರು ತೆಗೆಸಬೇಡಿ. ಮನೆ ಕಡೆಯದನ್ನು ಮಾತ್ರ ಬೋಳಿಸಿ ಇಡೀ ಭಾರ ರಸ್ತೆ ಕಡೆಗೆ ವಾಲಿಸಬೇಡಿ.

ಕಡಿಯುವವರ ಪಕ್ಕದಲ್ಲಿ ನಿಂತು ನೋಡಿ. ದಪ್ಪ ಕೊಂಬೆಯನ್ನು ಮೇಲಿನಿಂದ ಒಂದೇ ಸಲಕ್ಕೆ ಕೊಯ್ದರೆ, ಅರ್ಧ ಕೊಯ್ಯುವಷ್ಟರಲ್ಲಿ ತೂಕಕ್ಕೆ ಮುರಿದು, ಕಾಂಡದ ತೊಗಟೆಯನ್ನು ಮಾರುದ್ದ ಸುಲಿದುಕೊಂಡು ಬೀಳುತ್ತದೆ. ಮೊದಲು ಕಾಂಡದಿಂದ ಒಂದಡಿ ಆಚೆ, ಕೊಂಬೆಯ ಕೆಳಗಿನಿಂದ ಮೂರನೇ ಒಂದು ಭಾಗ ಕೊಯ್ಯಬೇಕು. ಅದಕ್ಕಿಂತ ಇನ್ನೊಂದಿಷ್ಟು ಆಚೆ, ಮೇಲಿನಿಂದ ಕೊಯ್ದು ಕೊಂಬೆ ಬೀಳಿಸಬೇಕು. ಉಳಿದ ಬುಡ್ಡೆಯನ್ನು ಕೊನೆಗೆ ತೆಗೆಯಬೇಕು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಬಳೆಯ ಹಾಗೆ ಒಂದು ಉಬ್ಬು ಇರುತ್ತದೆ. ಕೊಯ್ತ ಆ ಉಬ್ಬಿನ ಹೊರಗೆ ಇರಬೇಕು. ಉಬ್ಬನ್ನೂ ಸವರಿ ನುಣ್ಣಗೆ ಮಾಡಿದರೆ ಗಾಯ ಮುಚ್ಚುವುದಿಲ್ಲ. ಕೊಯ್ದ ಗಾಯಕ್ಕೆ ಬೋರ್ಡೋ ಪೇಸ್ಟ್ (ಮೈಲುತುತ್ತ, ಸುಣ್ಣದ ಲೇಪ), ಬಣ್ಣ, ಡಾಂಬರು ಬಳಿಯುವುದು ನಮ್ಮಲ್ಲಿ ವಾಡಿಕೆ. ಅಮೆರಿಕದ ಮರ ವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರ ಸೀಳಿ ನೋಡಿದವರು. ಇಂಥ ಲೇಪದಿಂದ ಒಳಗಿನ ಕೊಳೆ ನಿಲ್ಲುವುದಿಲ್ಲ, ಮರ ತನ್ನ ಗಾಯಕ್ಕೆ ತಾನೇ ಒಳಗಿನಿಂದ ಗೋಡೆ ಕಟ್ಟಿಕೊಳ್ಳುತ್ತದೆ ಅಂತ ಅವರು ತೋರಿಸಿಕೊಟ್ಟರು. ಡಾಂಬರನ್ನಂತೂ ನಾನು ಹತ್ತಿರ ಬಿಡಲ್ಲ.

ಹೊತ್ತು ಯಾವುದು? ಬೇವು ಎಲೆ ಉದುರಿಸುವಾಗ, ಫೆಬ್ರವರಿ ಸುಮಾರಿಗೆ. ಆಗ ಕೊಂಬೆಗಳ ಅಸ್ಥಿಪಂಜರ ಕಾಣುತ್ತದೆ, ಏಪ್ರಿಲ್-ಮೇ ಗಾಳಿ ಬರುವ ಮುಂಚೆ ಕೆಲಸವೂ ಮುಗಿಯುತ್ತದೆ. ಯುಗಾದಿಗೆ ಅವ್ವನಿಗೆ ಬೇವಿನ ಹೂವು ಬೇಕಲ್ಲ, ಕೈಗೆ ಸಿಗುವ ಒಂದು ಕೊಂಬೆ ಬಿಟ್ಟಿರಿ. ವಿದ್ಯುತ್ ತಂತಿ ಹತ್ತಿರದ ಕೊಂಬೆ ಇದ್ದರೆ ನಿಮ್ಮವರು ಯಾರೂ ಹತ್ತುವುದು ಬೇಡ. ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಲೈನ್ ಬಂದ್ ಮಾಡಿಸಿಕೊಂಡೇ ಕೆಲಸ.

ಬೀಳುವ ಭಯದ ಬಗ್ಗೆ. ಮನೆಗೆ ಹತ್ತಿರ ಇದೆ ಅನ್ನುವ ಕಾರಣಕ್ಕೇ ಮರ ಬೀಳಲ್ಲ. ಬುಡ ನೋಡಿ. ಬುಡದಲ್ಲಿ ಅಥವಾ ದಪ್ಪ ಬೇರಿನ ಮೇಲೆ ತಟ್ಟೆಯ ಹಾಗೆ ಗಟ್ಟಿ ಅಣಬೆ ಎದ್ದಿದ್ದರೆ ಒಳಗೆ ಕೊಳೆ ಇದೆ ಅಂತ ಅರ್ಥ. ಮಳೆ ಗಾಳಿ ಆದ ಮರುದಿನ ಬುಡದ ಒಂದು ಬದಿಯಲ್ಲಿ ಮಣ್ಣು ಅರ್ಧಚಂದ್ರದ ಹಾಗೆ ಬಿರಿದಿದೆಯಾ ನೋಡಿ. ಎರೆಮಣ್ಣಿನ ಬೇಸಿಗೆ ಬಿರುಕಿಗೂ ಇದಕ್ಕೂ ಮೋಸ ಹೋಗಬೇಡಿ, ಇದು ಒದ್ದೆ ನೆಲದಲ್ಲೂ ಕಾಣುತ್ತದೆ, ಗಾಳಿಗೆ ಏರಿಳಿಯುತ್ತದೆ. ಚಿಕ್ಕಂದಿನಿಂದ ವಾಲಿ, ಆಮೇಲೆ ತುದಿ ನೆಟ್ಟಗೆ ಮೇಲೆದ್ದ ಮರ ಹೆದರಿಸುವಂಥದ್ದಲ್ಲ. ಹೋದ ವರ್ಷ ನೆಟ್ಟಗಿದ್ದು ಈ ವರ್ಷ ವಾಲಿದ್ದು ಹೆದರಿಸುವಂಥದ್ದು. ಎರಡು ಕಾಂಡ ಇಕ್ಕಟ್ಟಾಗಿ ಕವಲೊಡೆದು ನಡುವೆ ತೊಗಟೆ ಒಳಗೆ ಮಡಚಿಕೊಂಡಿದ್ದರೆ ಅಲ್ಲಿ ಸೀಳುವ ಸಾಧ್ಯತೆ ಜಾಸ್ತಿ. ಪೊಟರೆ ಇದೆ ಅಂದ ಮಾತ್ರಕ್ಕೆ ಮರ ಬಲಹೀನ ಅಲ್ಲ. ಸುತ್ತಲಿನ ಗಟ್ಟಿ ಮರ ಎಷ್ಟು ದಪ್ಪ ಉಳಿದಿದೆ ಅನ್ನೋದು ಮುಖ್ಯ. ಮರದ ಸುತ್ತಿಗೆಯಿಂದ ಸುತ್ತಲೂ ತಟ್ಟುತ್ತಾ ಬಂದರೆ ಸದ್ದೇ ಹೇಳುತ್ತದೆ.

ಬೇವಿಗೆ ಇನ್ನೊಂದು ಮಾತು. ಮಳೆಗಾಲ ಮುಗಿಯುವ ಹೊತ್ತಿಗೆ ತುದಿ ಕೊಂಬೆಗಳೆಲ್ಲ ಕಂದಾಗಿ, ಬೆಂಕಿ ತಗುಲಿದ ಹಾಗೆ ಕಂಡರೆ ಮರ ಸತ್ತಿತು ಅಂತ ಕಡಿಸಲು ಹೋಗಬೇಡಿ. ಅದು ಸಾಮಾನ್ಯವಾಗಿ ಶಿಲೀಂಧ್ರದಿಂದ ಬರುವ ತುದಿ ಒಣಗುವ ರೋಗ. ಬಹಳಷ್ಟು ಮರಗಳು ಮುಂದಿನ ಚಿಗುರಿನಲ್ಲಿ ಚೇತರಿಸಿಕೊಳ್ಳುತ್ತವೆ.

ಮಾಳಿಗೆಯ ವಿಷಯ ನೀವು ಬರೆದಿಲ್ಲ, ಆದರೆ ನಾನು ಬಿಡಲ್ಲ. ಬೇವಿನ ಎಲೆ ಸಣ್ಣದು, ಜಾಲರಿ ದಾಟಿ ಹೋಗುತ್ತದೆ. ಹೂವು, ಹಣ್ಣಿನ ತಿರುಳು ಸೇರಿ ನೀರು ಹೋಗುವ ಬಾಯಲ್ಲಿ ಹುರಣದ ಹಾಗೆ ಗಟ್ಟಿಯಾಗುತ್ತದೆ. ಮೊದಲ ದೊಡ್ಡ ಮಳೆಗೆ ಮಾಳಿಗೆ ಕೆರೆ. ಮೇ ಕೊನೆಯಲ್ಲಿ ಒಮ್ಮೆ, ಹಣ್ಣು ಉದುರಿ ಮುಗಿದ ಮೇಲೆ ಒಮ್ಮೆ ಕೈ ಹಾಕಿ ತೆಗೆಯಿರಿ. ಹತ್ತಿದಾಗ ಪ್ಯಾರಪೆಟ್ ಸಂದಿಯಲ್ಲಿ ಅರಳಿ, ಅತ್ತಿ ಸಸಿ ಇದೆಯಾ ನೋಡಿ. ಬೇವಿನ ಹಣ್ಣಿಗೆ ಬರುವ ಹಕ್ಕಿಗಳೇ ಆ ಬೀಜ ತರುತ್ತವೆ. ಗೋಡೆಯನ್ನು ನಿಜವಾಗಿ ಸೀಳುವುದು ಆ ಸಸಿಗಳು. ಬೆರಳು ಗಾತ್ರ ಇರುವಾಗಲೇ ಬೇರು ಸಮೇತ ಕೀಳಬೇಕು. ಮೈಸೂರು, ಕೋಲಾರದಂಥ ಕೆಂಪು ಮಣ್ಣಿನ ಊರುಗಳಲ್ಲಿ ಇದನ್ನು ಓದುತ್ತಿರುವವರಿಗೂ ಇದು ಅನ್ವಯ. ನಿಮ್ಮ ಮಣ್ಣು ಹೀಗೆ ಉಬ್ಬಿ ಕುಗ್ಗುವುದಿಲ್ಲ, ಹಾಗಾಗಿ ಗೋಡೆ ಬಿರುಕಿಗೆ ಮರವನ್ನು ಬೈಯುವ ಮುಂಚೆ ಬೇರೆ ಕಾರಣ ಹುಡುಕಿ. ಕಾಂಪೌಂಡ್ ಗೋಡೆ, ಮೆಟ್ಟಿಲು, ಅಂಗಳದ ಹಾಸುಗಲ್ಲಿನಂಥ ಹಗುರ ಕಟ್ಟಡಗಳನ್ನು ಮಾತ್ರ ದಪ್ಪವಾಗುವ ಬೇರು ಎಲ್ಲ ಮಣ್ಣಿನಲ್ಲೂ ಎತ್ತುತ್ತದೆ.

ಇಷ್ಟೆಲ್ಲ ಮಾಡಿ, ವರ್ಷ ಅಳೆದು, ಬಿರುಕು ಬೆಳೆಯುತ್ತಲೇ ಇದ್ದರೆ, ಅಥವಾ ಬುಡದಲ್ಲಿ ಅಣಬೆ ಕಂಡರೆ, ನಾನೂ ಕಡಿಸಿ ಅನ್ನುತ್ತೇನೆ. ಅವ್ವನಿಗೆ ಬೇಕಿದ್ದರೆ ನಾನೇ ಫೋನಿನಲ್ಲಿ ಹೇಳುತ್ತೇನೆ. ಆದರೆ ನಿಮ್ಮ ಜಾಗದ ಮರವಾದರೂ ಅನುಮತಿ ಬೇಕು. ತೆಂಗು, ಸಿಲ್ವರ್ ಓಕ್, ಸುಬಾಬುಲ್‌ನಂಥ ಕೆಲವು ಜಾತಿಗೆ ಕರ್ನಾಟಕದ 1976ರ ಮರ ಸಂರಕ್ಷಣೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಉಳಿದದ್ದಕ್ಕೆ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಗೆ ಅರ್ಜಿ ಹಾಕಿಯೇ ಮುಂದುವರಿಯಬೇಕು. ಕಾಯ್ದೆಯ ಪ್ರಕಾರ ಕೊಂಬೆ ಸವರುವುದು, ತೊಗಟೆ ಸುಲಿಯುವುದು, ಔಷಧಿ ಹಾಕಿ ಒಣಗಿಸುವುದು ಕೂಡ ಮರ ಕಡಿದ ಲೆಕ್ಕಕ್ಕೇ ಬರುತ್ತದೆ. ಅದಕ್ಕೇ ದೊಡ್ಡ ಕೊಂಬೆ ತೆಗೆಸುವ ಮುಂಚೆಯೂ ಅವರನ್ನು ಕೇಳಿ. ಬಿರುಕಿನ ಅಳತೆಯ ಪುಸ್ತಕ, ಫೋಟೊಗಳು ಆಗಲೂ ಕೆಲಸಕ್ಕೆ ಬರುತ್ತವೆ.

ಮನೆಗೆ ವಿಮೆ ಇಲ್ಲದಿದ್ದರೆ ಮಾಡಿಸಿ. 2021ರ ಏಪ್ರಿಲ್‌ನಿಂದ ಭಾರತ್ ಗೃಹ ರಕ್ಷಾ ಅನ್ನುವ ಸಾಮಾನ್ಯ ಪಾಲಿಸಿ ಇದೆ. ಬಿರುಗಾಳಿಯ ಹಾನಿ, ಮರ ಬಿದ್ದು ಆಗುವ ಹಾನಿ ಎರಡೂ ಅದರಲ್ಲಿ ಸೇರಿವೆ. ನಿಮ್ಮ ಮನೆಯವರಿಗೆ ಇದನ್ನು ಓದಿ ಹೇಳಿ.

ಪೈಪಿನ ಪರೀಕ್ಷೆ ಈ ವಾರವೇ ಮಾಡಿ. ನೀರು ಎಷ್ಟು ಇಳಿಯಿತು ಅಂತ ಬರೆದು ಕಳಿಸಿ. ಮುಂದಿನ ಮೇ ಮತ್ತು ಸೆಪ್ಟೆಂಬರ್‌ನಲ್ಲಿ ಆ ಎರಡು ಮೊಳೆಗಳ ನಡುವಿನ ಅಂತರ ಎಷ್ಟಿತ್ತು ಅಂತಲೂ.